ಆಚೆ ಹೋದ ನೀರು

ಮೊನ್ನೆ ಮಳೆ ನಿಂತ ಮಾರನೆಯ ಬೆಳಿಗ್ಗೆ ವಾಕಿಂಗ್ ಹೊರಟವಳಿಗೆ ಎದುರುಮನೆಯ ಡ್ರೈವ್‌ವೇಯಿಂದ ಒದ್ದೆ ಕಾರ್ಪೆಟ್ಟಿನ ವಾಸನೆ ಬಡಿಯಿತು. ನೀವೂ ಒಮ್ಮೆ ಮೂಸಿದ್ದರೆ ಮರೆಯುವಂಥದ್ದಲ್ಲ. ನನಗಂತೂ ಆ ವಾಸನೆಯೊಂದಿಗೆ ರೇಣುಕಾ ನೆನಪಾಗುತ್ತಾಳೆ. ಅವಳ ಹಿಂದೆಯೇ, ಕರೆಯದಿದ್ದರೂ, ಪ್ರಭಾಕರ್ ಅಂಕಲ್ ಬರುತ್ತಾರೆ.

ಅಂಕಲ್ ನೇಪರ್‌ವಿಲ್‌ನ ನಮ್ಮ ಬಡಾವಣೆಯ ಹಸಿರು ಸಮಿತಿಯ ಅಧ್ಯಕ್ಷರು. ಮೈಸೂರಿನವರು, ನಿವೃತ್ತ ಎಂಜಿನಿಯರ್, ಸಜ್ಜನರು. ‘ಸಸ್ಟೈನಬಿಲಿಟಿ’ ಎನ್ನುವಾಗ ಅವರ ಕಣ್ಣುಗಳು ಮಂಗಳಾರತಿಯ ಹೊತ್ತಿನಂತೆ ಅರೆ ಮುಚ್ಚುತ್ತವೆ. ಮನೆಯಲ್ಲಿ ಮೂರು ಕಾರು. ಒಂದು ಎಲೆಕ್ಟ್ರಿಕ್ ಆದ್ದರಿಂದ ಉಳಿದೆರಡರ ಪಾಪ ಪರಿಹಾರ. ನಗಬೇಡಿ, ಸಮಿತಿಯಲ್ಲಿ ನಾನೂ ಇದ್ದೇನೆ. ಸಭೆಗೆ ಸ್ಟೀಲ್ ಲೋಟ ಒಯ್ಯುವುದು ನನ್ನ ಪಾಲಿನ ಪರಿಸರ ಸೇವೆಯಾಗಿತ್ತು. ಕ್ಲಬ್‌ಹೌಸ್ ಅರ್ಧ ಮೈಲಿ. ಲೋಟ ಕಾರಿನಲ್ಲೇ ಹೋಗುತ್ತಿತ್ತು.

ಹವಾಮಾನ ಬದಲಾವಣೆ ನಮಗೆಲ್ಲ ಬಹುಕಾಲ ಬೇರೆಯವರ ಊರಿನ ಸಂಗತಿಯಾಗಿತ್ತು. ಒಂದು ಬೇಸಿಗೆಯ ಬಿರುಮಳೆಗೆ ನಮ್ಮ ಮನೆಗಳ ಪಕ್ಕದ ಕೆರೆ ಉಕ್ಕಿ, ಅಂಕಲ್ ಮನೆಯ ಬೇಸ್‌ಮೆಂಟಿನ ಹೋಮ್ ಥಿಯೇಟರಿನಲ್ಲಿ ಲೆದರ್ ಸೋಫಾ ತೇಲಿದಾಗ ಅದು ಜಾಗತಿಕ ಸಮಸ್ಯೆಯಾಯಿತು. ನಮ್ಮ ಮನೆಗಳ ಕಡೆಯ ದಂಡೆಗೆ ಮಣ್ಣಿನ ಏರಿ ಕಟ್ಟಿದೆವು. ಮೇಲೆ ಈ ನಾಡಿನದೇ ಹುಲ್ಲು, ನೇರಳೆ ಹೂ, ಒಂದು ಬೆಂಚು, ‘ಚಿಟ್ಟೆಗಳ ಹಾದಿ’ ಎಂಬ ಫಲಕ. ಉಕ್ಕುವ ನೀರು ಇನ್ನು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಚಿಟ್ಟೆಗಳು ಅಷ್ಟು ಚೆನ್ನಾಗಿದ್ದವು.

ಕೆರೆಯಾಚೆ, ರಸ್ತೆ ದಾಟಿದರೆ, ತಗ್ಗಿನಲ್ಲಿ ಹಳೆಯ ಅಪಾರ್ಟ್‌ಮೆಂಟುಗಳು. ಅಲ್ಲಿ ಕೆಳ ಅಂತಸ್ತಿನಲ್ಲಿ ಗಂಡ, ಮಗಳೊಂದಿಗೆ ರೇಣುಕಾ ಇದ್ದಳು. ಬಾಗಲಕೋಟೆಯವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಭಾನುವಾರ ನಮ್ಮ ಕ್ಲಬ್‌ಹೌಸಿಗೆ ಬಂದು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುವವು. ಇವಳು ಮತ್ತೆ ಕನ್ನಡದಲ್ಲೇ ಕೇಳುವಳು. ಯಾರೂ ಸೋಲುತ್ತಿರಲಿಲ್ಲ.

ಮರುವರ್ಷದ ಮಳೆಗೆ ನಮ್ಮ ಬೇಸ್‌ಮೆಂಟುಗಳಿಗೆ ಹನಿ ನೀರು ಬರಲಿಲ್ಲ. ಸಮಿತಿಯ ವಾಟ್ಸ್ಯಾಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆದರೆ ಆ ಭಾನುವಾರ ತರಗತಿ ನಡೆಯಲಿಲ್ಲ. ಏನಾಯಿತೆಂದು ಹೋಗಿ ನೋಡಿದರೆ ರೇಣುಕಾಳ ಮನೆಯೊಳಗೆ ಕಾರ್ಪೆಟ್ಟಿನ ಮೇಲೆ ಪಾದ ಮುಳುಗುವಷ್ಟು ನೀರು. ಹಾಸಿಗೆ ಅದನ್ನು ಹೀರಿಕೊಂಡು ಊದಿತ್ತು. ಮಗಳು ಅಡುಗೆಕಟ್ಟೆಯ ಮೇಲೆ ಶಾಲೆಯ ಪುಸ್ತಕಗಳ ನಡುವೆ ಕಾಲು ಮಡಚಿ ಕೂತಿದ್ದಳು. ರೇಣುಕಾ ನನ್ನನ್ನು ಬಯ್ಯಲಿಲ್ಲ. ಅಂಕಲ್‌ರನ್ನು ಒಂದು ಸಲ ಕರೆದುಕೊಂಡು ಬನ್ನಿ ಎಂದಳು, ಅಷ್ಟೇ.

ಅಂಕಲ್ ಬಂದರು. ಬಾಗಿಲಲ್ಲೇ ನಿಂತು, ಪಾಪ, ನಿಜವಾಗಿಯೂ ಮರುಗಿದರು. ಆಮೇಲೆ ಪರಿಹಾರ ಸೂಚಿಸಿದರು: “ನಿಮ್ದು ಬಾಡಿಗೆ ಮನೆ ತಾನೇ? ಬೇರೆ ಕಡೆ ಶಿಫ್ಟ್ ಆಗ್ಬಿಡಿ.”

ರೇಣುಕಾ ಬಟ್ಟೆ ಹಿಂಡುತ್ತಿದ್ದವಳು ತಲೆಯೆತ್ತಿದಳು. “ನೀರಿಗೂ ಹಿಂಗ ಹೇಳೇ ನಮ್ಮ ಕಡೆ ಕಳಿಸಿದ್ರೇನ್ರೀ ಅಂಕಲ್?”

ಅಂಕಲ್ ವಾಚು ನೋಡಿಕೊಂಡರು. ಸಮಿತಿ ‘ಆಲಿಸುವ ಸಭೆ’ಯೊಂದನ್ನು ಏರ್ಪಡಿಸಿತು. ಆಲಿಸಿದೆವು, ಸಮೋಸ ತಿಂದೆವು. ರೇಣುಕಾ ಸಮೋಸ ಮುಟ್ಟಲಿಲ್ಲ. ಅಕ್ಕಪಕ್ಕದ ಬಾಡಿಗೆದಾರರನ್ನೆಲ್ಲ ಕಟ್ಟಿಕೊಂಡು, ರಜೆ ಹಾಕಿ, ಊರಿನ ಆಡಳಿತದವರ ಮುಂದೆ ಮತ್ತೆ ಮತ್ತೆ ಹೋಗಿ ನಿಂತಳು. ಕೊನೆಗೆ ಏರಿಯನ್ನು ಒಂದು ಕಡೆ ಒಡೆಯಬೇಕೆಂದು ಆದೇಶವಾಯಿತು. ಒಡೆಯುವ ಹೊತ್ತಿಗೆ ಅವಳು ಗ್ಲೆಂಡೇಲ್ ಹೈಟ್ಸ್‌ನಲ್ಲಿ ಎರಡನೇ ಮಹಡಿಯ ಮನೆಗೆ ಹೋಗಿಯಾಗಿತ್ತು. ಮಗಳಿಗೆ ಮಳೆಯ ಸದ್ದು ಕೇಳಿದರೆ ನಿದ್ದೆ ಬರುತ್ತಿರಲಿಲ್ಲವಂತೆ. ನಮ್ಮ ಕನ್ನಡ ತರಗತಿ ಅಲ್ಲಿಗೆ ಮುಗಿಯಿತು. ಸಮಿತಿಯ ಆ ವರ್ಷದ ವರದಿಯಲ್ಲಿ ಚಿಟ್ಟೆಗಳ ಬಗ್ಗೆ ಮಾತ್ರ ಇತ್ತು.

ಅಂದಿನಿಂದ ವಾಕಿಂಗಿಗೆ ನಾನು ರಸ್ತೆ ದಾಟಿಯೇ ಹೋಗುತ್ತೇನೆ. ಮೊದಮೊದಲು ನಾಚಿಕೆಗೆ, ಈಗ ಅಲ್ಲಿಯವರೊಡನೆ ಮಾತಿಗೆ.

ಈಗ ಮಳೆ ಬಂದರೆ ಆಚೆಗೂ ಸ್ವಲ್ಪ ನೀರು, ಈಚೆಗೂ ಸ್ವಲ್ಪ. ಈ ಸಮಾನತೆ ನಮ್ಮವರಿಗೆ ಹಿಡಿಸಿಲ್ಲ. ನಿನ್ನೆ ತುರ್ತು ಸಭೆ ಕರೆದು, ಅಂಕಲ್ ಸೌರಶಕ್ತಿಯ ಪಂಪಿನ ಯೋಜನೆ ತೋರಿಸಿದರು. ಪರದೆಯ ಮೇಲೆ ನಮ್ಮ ಮನೆಗಳು, ಕೆರೆ, ಕೆರೆಯಿಂದ ಹೊರಟ ನೀಲಿ ಬಾಣ. ಬಾಣ ಪರದೆಯ ಅಂಚಿನಲ್ಲಿ ನಿಂತಿತ್ತು.

“ಅದರಾಚೆ ಏನಿದೆ ಅಂಕಲ್?” ಎಂದೆ.

“ಅದು ನಮ್ ಸ್ಕೋಪಲ್ಲಿ ಬರಲ್ಲಮ್ಮ.”

ನಾನು ಎದ್ದು ಪರದೆಯ ಪಕ್ಕದ ಖಾಲಿ ಗೋಡೆಯ ಮುಂದೆ ನಿಂತೆ. ಇಲ್ಲಿ ಮರಿಸೋಲ್ ಇದ್ದಾಳೆ, ರಾತ್ರಿ ಪಾಳಿಯ ನರ್ಸ್, ಇಬ್ಬರು ಮಕ್ಕಳು ಎಂದೆ. ಪಕ್ಕದಲ್ಲಿ ಮಂಡಿ ಆಪರೇಷನ್ ಆಗಿರುವ ವಾಲ್ಟರ್. ಕೊನೆಯ ಮನೆಗೆ ಕಲಬುರಗಿಯ ಹೊಸ ಜೋಡಿ ಬಂದಿದೆ, ಹುಡುಗಿಗೆ ಏಳನೇ ತಿಂಗಳು.

ಅಂಕಲ್, ಯೋಜನೆಯನ್ನು ಒಪ್ಪುವವರು ಕೈ ಎತ್ತಿ ಎಂದರು. ಎತ್ತಲು ಹೊರಟ ಕೆಲವು ಕೈಗಳು ದಾರಿಯಲ್ಲೇ ಕೂದಲು ನೇವರಿಸಿಕೊಳ್ಳಲು ತಿರುಗಿದವು. ಒಂದು ಕೈಯೂ ಮೇಲೇಳದ್ದನ್ನು ಕಂಡು ಅಂಕಲ್ ತಾವೇ ಹೋಗಿ ಪ್ರೊಜೆಕ್ಟರ್ ಆರಿಸಿದರು.