ಬಸ್ಸಿನಲ್ಲಿ ಕೇಳಿಸಿದ ಕಾಪರ್-ಟಿ

ಬೈಂದೂರಿನಿಂದ ಕುಂದಾಪುರಕ್ಕೆ ಹೊರಟ ಬಸ್ಸು. ಕಾಲಿಡಲು ಜಾಗವಿಲ್ಲ. ನನ್ನ ಮೊಬೈಲ್ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಹೇಳಿತು: "ಕಾಪರ್-ಟಿಯನ್ನು ಗರ್ಭಕೋಶದೊಳಗೆ ಇಡಲಾಗುತ್ತದೆ."

ಇಯರ್‌ಫೋನ್ ಕಿವಿಯಲ್ಲೇ ಇತ್ತು. ಕನೆಕ್ಟ್ ಆಗಿರಲಿಲ್ಲ, ಅಷ್ಟೇ.

ಬ್ರಹ್ಮಾವರದಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಅಶ್ವಿನಿ, ಹೊಸದಾಗಿ ಮದುವೆಯಾದವರಿಗೆಂದು ಗರ್ಭ ತಡೆಯುವ ಬಗ್ಗೆ ಮಾಡಿದ ವಿಡಿಯೋ ಅದು. "ದೊಡ್ಡಮ್ಮ, ಕನ್ನಡ ಸರಿ ಇತ್ತಾ ಕಾಣಿ" ಎಂದು ಕಳಿಸಿದ್ದಳು. ಕನ್ನಡ ಹಾಗಿರಲಿ, ನನಗೆ ಸ್ಟಾಪ್ ಬಟನ್ನೇ ಕಾಣಲಿಲ್ಲ. (ಮೊಮ್ಮಕ್ಕಳನ್ನು ಕಂಡವಳು ನಾನು. ಆದರೂ ಮುಖವೆಲ್ಲ ಬಿಸಿ.)

ಅಂತೂ ನಿಲ್ಲಿಸಿದೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹುಡುಗಿ ಮೆಲ್ಲಗೆ ಹೇಳಿದಳು, "ಅಕ್ಕ, ಬಂದ್ ಮಾಡ್ಬೇಡಿ. ನಂಗೆ ಕೇಣ್ಕ್."

ಹೆಸರು ಸುಮಿತ್ರಾ, ನಾವುಂದದವಳು. ಬಿ.ಎಡ್. ಸೀಟು ಸಿಕ್ಕಿದೆ. ಇಷ್ಟರಲ್ಲೇ ಇನ್ನೊಮ್ಮೆ ಗರ್ಭ ನಿಂತರೆ ಓದು ಅಲ್ಲಿಗೇ ಮುಗಿಯಿತೆಂಬ ಹೆದರಿಕೆ. ಕಾಪರ್-ಟಿಗೆ ಗಂಡ ಒಪ್ಪಿದ್ದಾನೆ. ಒಪ್ಪದವರು ಅತ್ತೆ ಗುಲಾಬಿ. ಅವರು ಅವಳ ಆಚೆ ಬದಿಯಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತಿದ್ದರು.

"ಅದ್ ಎದಿಗ್ ಹತ್ತತ್ತ್ ಅಂಬ್ರ್," ಎಂದರು, ಕಿಟಕಿಗೇ ಹೇಳುವವರಂತೆ.

ನಾನೇನು ಡಾಕ್ಟರಾ? ವಿಡಿಯೋವನ್ನೇ ಮತ್ತೆ ಹಾಕಿದೆ. ಅಶ್ವಿನಿ ಒಂದೊಂದಾಗಿ ಹೇಳಿದಳು: ಅದು ಎದೆಗೆ ಹೋಗುವುದಿಲ್ಲ. ಡಾಕ್ಟರು ಪರೀಕ್ಷಿಸಿಯೇ ಹಾಕುತ್ತಾರೆ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಹೆಚ್ಚಿರಬಹುದು. ಒಮ್ಮೆ ಹಾಕಿಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಮಗು ಬೇಕೆನಿಸಿದಾಗ ತೆಗೆಸಿದರಾಯಿತು.

ಗುಲಾಬಿ ನಿಧಾನವಾಗಿ ಈಚೆ ತಿರುಗಿದರು. "ತೆಗ್ದ್ ಮೇಲ್ ಮಕ್ಳ್ ಆತ್ತಾ?"

"ಆಗುತ್ತದಂತೆ."

"ಎಲ್ ಹೇಳಿತ್? ಇನ್ನೊಂದ್ ಸಲ ಹಾಕಿ ಕಾಂಬ."

ಹಾಕಿದೆ. ಹಿಂದಿನ ಸೀಟಿನಿಂದ ಹೆಂಗಸೊಬ್ಬಳ ದನಿ: "ಹ್ವಾಯ್, ಸ್ವಲ್ಪ ಜೋರ್ ಮಾಡಿ, ನಮ್ಗ್ ಕೇಣ್ತಿಲ್ಲೆ."

ಜೋರು ಮಾಡಿದೆ. ಮೊಬೈಲನ್ನು ಹಿಂದಿನ ಸೀಟಿನತ್ತ ಎತ್ತಿ ಹಿಡಿದೆ. ಕುಂದಾಪುರ ಬರುವಷ್ಟರಲ್ಲಿ ವಿಡಿಯೋ ಎಷ್ಟೋ ಮೊಬೈಲಿಗೆ ಹೋಗಿತ್ತು. ಕನ್ನಡ ತಿದ್ದುವುದು ಮರೆತೇಹೋಯಿತು. (ಇಷ್ಟು ಜನಕ್ಕೆ ಅರ್ಥವಾದ ಕನ್ನಡವನ್ನು ತಿದ್ದುವುದಾದರೂ ಏನು?)

ಇದಾಗಿ ಎಷ್ಟೋ ತಿಂಗಳ ಮೇಲೆ, ಮೊನ್ನೆ ಕುಂದಾಪುರ ಪೇಟೆಯಲ್ಲಿ ಗುಲಾಬಿ ಸಿಕ್ಕರು. ಸೊಂಟದಲ್ಲಿ ಮೊಮ್ಮಗ. ಸುಮಿತ್ರಾ ಎಲ್ಲಿ ಎಂದೆ.

"ಪರೀಕ್ಷಿ ಬರೂಕ್ ಹೋಯಿದ್ಲ್," ಎಂದರು. ದನಿಯಲ್ಲಿ ತಾವೇ ಪಾಸಾದ ಗತ್ತು. "ಅವ್ಳ್ ಕಾಪರ್-ಟಿ ಬೇಕಂದ್ಲ್. ನಾನೇ ಆಸ್ಪತ್ರಿಗ್ ಕರ್ಕಂಡ್ ಹೋದೆ. ಈಗ ಮುಂಬೈಲಿಪ್ಪ ಮಗ್ಳಿಗೂ ವಿಡಿಯೋ ಕಳ್ಸಿದೆ."

ಈಗ ನೀವೇ ಹೇಳಿ. ಮದುವೆಯಾದ ಮೂರನೇ ತಿಂಗಳಿಗೇ "ಎಂತ, ವಿಶೇಷ ಇತ್ತಾ?" ಎಂದು ಕೇಳಲು ನಾಚದ ನಾವು, "ಈಗಲೇ ಬೇಡ" ಎನ್ನುವ ಹುಡುಗಿಗೆ ದಾರಿ ಹೇಳಲು ಯಾಕೆ ನಾಚಬೇಕು?