ಹೆಪ್ಪುಗಟ್ಟದ ಉಪ್ಪು

ಧಾರವಾಡದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಗೌಸಮೊದ್ದೀನ ಮಾಸ್ತರರಿಗೆ ಒಂದೇ ಹುಚ್ಚು, ದ್ರವವಾಗಿಯೇ ಇರುವ ಉಪ್ಪು. ಊಟದ ಉಪ್ಪನ್ನು ನೀರಿಲ್ಲದೆ ಕರಗಿಸಲು ಕುಲುಮೆಯ ಕಾವು ಬೇಕು. ಅವರು ಮಾಡಿದ ಉಪ್ಪು ಮಾಗಿಯ ಚಳಿಯಲ್ಲೂ ಬಾಟಲಿಯೊಳಗೆ ಎಣ್ಣೆಯಂತೆ ತುಳುಕುತ್ತಿತ್ತು.

"ಒಂದು ಹನಿ ನೀರಿಲ್ಲ ಅಂತೀರಿ. ಮತ್ತ ಗಟ್ಟಿ ಆಗವಲ್ದು ಯಾಕ?" ಎಂದು ಜೊತೆಯ ಮಾಸ್ತರ ಶಾಂತಯ್ಯ ಕೇಳಿದರು.

"ಊಟದ ಉಪ್ಪಿನ ಕಣ ದುಂಡಗ ಇರ್ತಾವು, ಒತ್ತೊತ್ತಿ ಕೂಡ್ತಾವು. ಇದರ ಕಣಕ್ಕ ಇಂಗಾಲದ ಬಾಲ ಐತ್ರಿ. ಸಾಲಾಗಿ ಕೂಡಾಕ ಆ ಬಾಲ ಬಿಡೂದಿಲ್ಲ."

ಬಾಲ ಉದ್ದ ಮಾಡಿದರೆ ಏನಾದೀತೆಂದು ನೋಡಲು ಇಬ್ಬರೂ ಸೇರಿ ಬೇರೆ ಬೇರೆ ಉಪ್ಪುಗಳನ್ನು ಸಣ್ಣ ಗಾಜಿನ ನಳಿಕೆಯಲ್ಲಿ ಇಳಿಬಿಟ್ಟರು. ಬಾಲ ಬೆಳೆದಂತೆ ದ್ರವ ಮಂದವಾಯಿತು, ಇಳಿಯಲು ಹೆಚ್ಚು ಹೊತ್ತು ಹಿಡಿಯಿತು. ಗಡಿಯಾರ ಹಿಡಿದು ನಿಂತವರು ಶಾಂತಯ್ಯನವರೇ.

ನಲವತ್ತೆರಡರ ಚಳವಳಿಯಲ್ಲಿ ಊರ ಸುತ್ತ ತಂತಿಗಳು ಕಡಿದು ಬಿದ್ದವು. ಪೊಲೀಸರು ಕಾಲೇಜು ಜಾಲಾಡಿ, 'ನೈಟ್ರೇಟ್' ಎಂದು ಬರೆದ ಆ ಉಪ್ಪಿನ ಬಾಟಲಿಗಳನ್ನು ಹಿಡಿದರು.

"ಬಾಂಬಿನ ಸಾಮಾನು," ಎಂದ ಫೌಜದಾರ.

"ಇದು ಉಪ್ಪುರಿ," ಎಂದರು ಗೌಸಮೊದ್ದೀನರು.

"ಉಪ್ಪು ಹಿಂಗ ಹರೀತೈತೇನು?" ಫೌಜದಾರ ಶಾಂತಯ್ಯನವರತ್ತ ತಿರುಗಿದ. "ಮಾಸ್ತರ, ನೀವ ಹೇಳ್ರಿ. ಇಂಥಾ ಉಪ್ಪು ಇರತೈತೇನು?"

ಶಾಂತಯ್ಯ ಕಿಟಕಿಯ ಕಡೆ ನೋಡಿದರು. "ನಾ ಎಂದೂ ಕಂಡಿಲ್ಲರಿ."

ಗೌಸಮೊದ್ದೀನರು ಎರಡು ವರ್ಷ ಜೈಲಿನಲ್ಲಿದ್ದರು. ಹೆಂಡತಿ ಮಾಬೂಬಿ ತವರೂರಾದ ಹೆಬ್ಬಳ್ಳಿಗೆ ಹೋಗಿ ಪರರ ಹೊಲದಲ್ಲಿ ಹತ್ತಿ ಬಿಡಿಸಿದಳು. ಬಿಡುಗಡೆಯಾದಾಗ ಕಾಲೇಜು ಅವರನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಹುಬ್ಬಳ್ಳಿಯಲ್ಲಿ ದಸ್ತಗೀರಸಾಬನ ಅಂಗಡಿಯಲ್ಲಿ ಮೋಟಾರಿನ ಬ್ಯಾಟರಿಗಳಿಗೆ ಆಮ್ಲ ತುಂಬುವ ಕೆಲಸ ಸಿಕ್ಕಿತು. ಅಂಗಿಯ ತುಂಬ ತೂತು ಬಿದ್ದವು.

ಸ್ವಾತಂತ್ರ್ಯ ಬಂದ ಮೇಲೆ ಧಾರವಾಡದವರು ಚಳವಳಿಯಲ್ಲಿ ಜೈಲು ಕಂಡವರ ಸತ್ಕಾರಕ್ಕೆ ಅವರನ್ನೂ ಕರೆದರು. ಅವರಿಗೆ ಮನಸ್ಸಿರಲಿಲ್ಲ. "ಹೋಗ್ರಿ, ಒಂದು ದಿನಾ ಆದ್ರೂ ಮಂದಿ ನಿಮಗ ಮರ್ಯಾದಿ ಕೊಡ್ಲಿ," ಎಂದು ಮಾಬೂಬಿಯೇ ಕಳಿಸಿದಳು.

ವೇದಿಕೆಯ ಮೇಲೆ ಶಾಂತಯ್ಯ ಕುಳಿತಿದ್ದರು. ಈಗ ಅವರು ವಿಭಾಗದ ಮುಖ್ಯಸ್ಥರು. "ಬಿಳಿಯರ ಮೂಗಿನ ಕೆಳಗೇ ಈ ವೀರರು ಸಿಡಿಮದ್ದು ಮಾಡುತ್ತಿದ್ದರು. ನಾನೇ ಕಣ್ಣಾರೆ ಕಂಡಿದ್ದೇನೆ," ಎಂದು ಭಾಷಣ ಮಾಡಿ ಹಾರ ಹಾಕಿದರು.

"ನಾ ಬಾಂಬು ಮಾಡಿಲ್ಲರಿ. ಉಪ್ಪು ಮಾಡೇನಿ," ಎಂದರು ಗೌಸಮೊದ್ದೀನರು. ಜನ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಕೆಳಗಿಳಿಯುವಾಗ ಅವರು ಶಾಂತಯ್ಯನವರನ್ನು ಒಂದೇ ಮಾತು ಕೇಳಿದರು. "ನನ್ನ ಬಾಟಲಿ ಏನಾದವು?"

"ಪೊಲೀಸರು ಅವತ್ತ ಕೆಲಗೇರಿ ಕೆರೀಗೆ ಚೆಲ್ಲಿಸಿದ್ರು. ನಾ ಖರೇ ಹೇಳಿದ್ರ ನನ್ನೂ ಒಯ್ತಿದ್ರು. ನಂಗೂ ಮಕ್ಕಳು ಅದಾವ, ಗೌಸಮೊದ್ದೀನ."

ಗೌಸಮೊದ್ದೀನರು ಹಾರ ತೆಗೆದು ಕೈಯಲ್ಲಿ ಹಿಡಿದು ಹುಬ್ಬಳ್ಳಿಗೆ ಮರಳಿದರು. ಬಾಲ ಇನ್ನೂ ಉದ್ದವಾಗಿದ್ದರೆ ಉಪ್ಪು ಏನಾಗುತ್ತಿತ್ತೆಂದು ನೋಡುವುದು ಉಳಿದೇ ಹೋಯಿತು. ಅವರು ಸಾಯುವ ತನಕವೂ ಹುಬ್ಬಳ್ಳಿಯ ಜನ ಅವರನ್ನು ಅಭಿಮಾನದಿಂದ 'ಬಾಂಬ್ ಮಾಸ್ತರ' ಎಂದೇ ಕರೆದರು.