ವಂಶಾವಳಿ ಯಾರ ಕಿವಿಗೆ

ಸುಮೇಧಾ, ನನ್ನ ಎಂ.ಎ. ಪ್ರಬಂಧದ ಮುಖ್ಯ ವಿಚಾರ ನಿನ್ನದು. ಅದನ್ನು ನನ್ನದೆಂದು ಬರೆದೆ. ಆಮೇಲೆ, ಅದನ್ನು ನನ್ನಿಂದ ತೆಗೆದುಕೊಂಡವಳು ನೀನೇ ಎಂದು ನೀನು ನಂಬಿದಾಗ ತಿದ್ದಲಿಲ್ಲ — ಎರಡನೆಯದೇ ಹೆಚ್ಚು ಕೆಟ್ಟದ್ದು.

ಆಸ್ಟಿನ್‌ನಲ್ಲಿ ಇಬ್ಬರೂ ಇತಿಹಾಸದ ಎಂ.ಎ. ಓದುತ್ತಿದ್ದಾಗ ನನಗೆ ಮಧ್ಯಯುಗದ ಸ್ಕಾಟ್ಲೆಂಡಿನ ರಾಜರ ಹುಚ್ಚು. ಎಳೆಯ ಮೂರನೇ ಅಲೆಕ್ಸಾಂಡರನಿಗೆ ಸ್ಕೋನ್‌ನಲ್ಲಿ ಪಟ್ಟವಾದಾಗ ಮುದುಕನೊಬ್ಬ ಮಂಡಿಯೂರಿ ಅವನ ವಂಶಾವಳಿಯನ್ನು ಗೇಲಿಕ್ ಭಾಷೆಯಲ್ಲಿ ಹೇಳಿದನಂತೆ. ನೆರೆದ ಸಾಮಂತರಲ್ಲಿ ಎಷ್ಟೋ ಜನರ ಮನೆಮಾತು ಫ್ರೆಂಚ್, ಇಂಗ್ಲಿಷ್. ಅವರಿಗೆ ಅರ್ಥವಾಗದ ಭಾಷೆಯಲ್ಲಿ ಯಾಕೆ? ಈ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಕಾಡಿತ್ತು.

ಹ್ಯೂಸ್ಟನ್‌ನಲ್ಲಿ ನಿನ್ನ ಕಸಿನ್ ಮದುವೆ. ಪುರೋಹಿತರು ಪ್ರವರ ಹೇಳುತ್ತಿದ್ದರು — ಇಂಥವರ ಮರಿಮಗ, ಇಂಥವರ ಮೊಮ್ಮಗ. ನೀನು ನನ್ನ ಕಡೆ ಬಾಗಿದೆ.

“ನಿನ್ನ ಅಲೆಕ್ಸಾಂಡರ್ ಬಂದಾನ ನೋಡಲೇ. ಮದುಮಗಗ ಅವರಜ್ಜನ ಹೆಸರು ಗೊತ್ತಿಲ್ಲೇನ? ಇದು ಕುಂತ ಮಂದೀಗೆ ಹೇಳೋದು. ತಿಳೀಲಿ ಬಿಡ್ಲಿ, ಎಲ್ಲಾರೂ ಕೂಡಿ ಕೇಳಿದ್ರ ಒಂದ ಮನೆತನ ಆದಂಗ.”

“ಊಟಕ್ಕೆ ಹೋಗೋಣ್ವಾ?” ಎಂದೆ. ತಲೆಯಲ್ಲಿ ಆಗಲೇ ಪ್ರಬಂಧ ಬರೆಯುತ್ತಿದ್ದೆ.

ಬೇರೆಬೇರೆ ನುಡಿಯ ಜನ ಒಂದೇ ರಾಜನ ವಂಶಾವಳಿಯನ್ನು ಜೊತೆಯಲ್ಲಿ ಕೇಳುತ್ತಾ ಒಂದು ದೇಶವಾದರು ಎಂದು ಬರೆದೆ. ಹೇಳಿದ ಮುದುಕನ ಹೆಸರನ್ನು ಯಾರೂ ಬರೆದಿಡಲಿಲ್ಲವಲ್ಲ ಎಂದು ಅಡಿಟಿಪ್ಪಣಿಯಲ್ಲಿ ಮರುಗಿದ್ದೂ ನಾನೇ. ನಿನ್ನ ಹೆಸರು ಎಲ್ಲೂ ಹಾಕಲಿಲ್ಲ.

ಮರುವರ್ಷ ನೀನು ಅದೇ ವಿಚಾರವನ್ನು ಪಿಎಚ್‌ಡಿಗೆಂದು ನಮ್ಮ ಪ್ರೊಫೆಸರ್ ಬಳಿ ಒಯ್ದೆ. ಇದನ್ನು ನಿನ್ನ ಗೆಳತಿ ಆಗಲೇ ಬರೆದಾಗಿದೆ ಎಂದು ಹೇಳಿ ಅವರು ಒಪ್ಪಲಿಲ್ಲ. ನೀನು ಅಲೆನ್ ಊರಿನ ನಿನ್ನ ಮನೆಯಿಂದ ನನಗೆ ಫೋನ್ ಮಾಡಿದೆ.

“ಸಾರಿ ಲೇ. ನಿನ್ನ ಬಾಯಾಗ ಕೇಳಿದ್ದನ್ನ ನಂದು ಅಂದ್ಕೊಂಡಿದ್ದೆ ಕಾಣ್ತದ.”

“ಇರ್ಲಿ ಬಿಡೇ, ಆಗತ್ತೆ” ಎಂದೆ.

ಕ್ಷಮಿಸುವವಳ ದನಿಯಲ್ಲಿ ಹೇಳಿದೆ. ಆ ದನಿ ಅಷ್ಟು ಸುಲಭವಾಗಿ ಎಲ್ಲಿಂದ ಬಂತೋ — ಈಗಲೂ ಹುಡುಕುತ್ತೇನೆ. ನೀನು ಓದು ಬಿಟ್ಟು ಪ್ಲೇನೋದಲ್ಲಿ ಕೆಲಸಕ್ಕೆ ಸೇರಿದೆ. ಇತಿಹಾಸದ ಮಾತು ಬಂದರೆ “ಅದು ಅಕೀ ಸಬ್ಜೆಕ್ಟು” ಎಂದು ನನ್ನನ್ನು ತೋರಿಸುತ್ತೀ.

ನೀನು ನಿಜವಾಗಿಯೂ ಮರೆತಿದ್ದೆಯಾ? ಅಥವಾ ಅವತ್ತು ಫೋನಿನಲ್ಲಿ, ನಾನೇ ಬಾಯಿಬಿಡಲಿ ಎಂದು ಒಂದು ಗಳಿಗೆ ಕಾದೆಯಾ? ಕೇಳುವ ಹಕ್ಕು ನನಗಿಲ್ಲ, ಆದರೂ ಆ ಗಳಿಗೆಯ ಮೌನ ಎಷ್ಟು ಉದ್ದವಿತ್ತು ಎಂದು ನೆನಪಿಸಿಕೊಳ್ಳುತ್ತಲೇ ಇರುತ್ತೇನೆ.

ನಾಳೆ ಪ್ರೊಫೆಸರ್ ಮುಂದೆ ಕೂತು ಇದನ್ನೇ ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು.